ನಾಲಿಗೆಯಡಿ

ಏಳೂಕಾಲರ ಬಸ್ಸು, ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ.
ದಿನಾ ಎಲ್ಲಿಗೆ ಅಂತ ಕಂಡಕ್ಟರು ಕೇಳಿದರೆ
ಒಂದೇ ಉತ್ತರ: ಹಲ್ಲು ನೋವು.
ಹದಿನಾಲ್ಕು ತಿಂಗಳಿಂದ ನೋಯುತ್ತಿದೆ ಅದೇ ಹಲ್ಲು.

ಆಸ್ಪತ್ರೆಯ ಹಿಂದೆ, ಎಕ್ಸ್‌ರೇ ದಾಟಿ,
ಹೊರಗೆ ಬೋರ್ಡಿಲ್ಲದ ಕೋಣೆ.
ಬೋರ್ಡು ಒಳಗಿದೆ. ಬಲಕ್ಕೆ ನಿಮ್ಮ ಹಕ್ಕು,
ಎಡಕ್ಕೆ ನಿಮ್ಮ ಹೊಣೆ,
ನಡುವೆ ಎರಡೂ ಹತ್ತಕ್ಕೆ ನಿಂತುಹೋದ ಗಡಿಯಾರ.

ಫಿಲೋಮಿನಾ ಸಿಸ್ಟರು ಗುಳಿಗೆ ಪುಡಿ ಮಾಡುತ್ತಾರೆ.
'ನಾಲಿಗೆ ಎತ್ತು.'
ಎತ್ತುತ್ತೇನೆ. ಕಹಿ ಬಂದು ಕೂರುತ್ತದೆ ಅಡಿಯಲ್ಲಿ.
ಹತ್ತು ನಿಮಿಷ ನುಂಗುವಂತಿಲ್ಲ, ಉಗುಳುವಂತಿಲ್ಲ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು
ಅನ್ನುತ್ತಿದ್ದಳು ಅಮ್ಮ.
ಎರಡೂ ಈಗ ಒಂದೇ ಬಾಯಲ್ಲಿ.

ಬೆಂಚಿನ ಮೇಲೆ ಏಳು ಜನ.
ಒಬ್ಬ ಆಟೋದವನು, ಒಬ್ಬ ದ್ರಾಕ್ಷಿಗೆ ಔಷಧಿ ಹೊಡೆಯುವವನು,
ಮೂಲೆಯಲ್ಲಿ ಮಡಿಲ ಮೇಲೆ ಟಿಫನ್ ಡಬ್ಬಿ ಇಟ್ಟುಕೊಂಡ ಒಬ್ಬಾಕೆ.
ಹೆಸರು ಗುಟ್ಟು. ಬಲಗಡೆಯ ಮೊದಲ ಸಾಲು.
ಸಂತೆಯಲ್ಲಿ ಎದುರಾದರೆ ಚಪ್ಪಲಿ ನೋಡಿ ಗುರುತು ಹಿಡಿಯುತ್ತೇನೆ,
ಅವರೂ ಹಿಡಿಯುತ್ತಾರೆ.
ಸೊಪ್ಪಿನ ರೇಟು ಕೇಳುತ್ತ ಮುಂದೆ ಹೋಗುತ್ತೇವೆ.

ನನ್ನ ಕೆಲಸ ಗೂಡು ಬೇಯಿಸಿ ಎಳೆ ಬಿಚ್ಚುವುದು.
ಬಿಸಿನೀರಲ್ಲಿ ಬೆರಳಾಡಿಸಬೇಕು, ಎಲ್ಲೋ ಸಿಗುತ್ತದೆ ತುದಿ;
ಜಗ್ಗಿದರೆ ತುಂಡು, ಬಿಟ್ಟರೆ ಸಿಕ್ಕು.
ಮೊದಲ ವಾರ ಡಾಕ್ಟರಮ್ಮ ಅಂದಿದ್ದರು:
'ಡೋಸು ಯಾವಾಗ ಇಳಿಸೋದು, ಎಷ್ಟು ಇಳಿಸೋದು,
ಇಬ್ಬರೂ ಕೂತು ಮಾತಾಡೋಣ.'
ಇಬ್ಬರೂ.
ಮನೆಗೆ ಹೋಗಿ ಆ ಪದ ನಾಲ್ಕು ಸಲ ಅಂದುಕೊಂಡೆ.
ಸೂಜಿ ಯಾವತ್ತೂ ನನ್ನನ್ನು ಏನೂ ಕೇಳಿರಲಿಲ್ಲ.

ಆವತ್ತು ಬಸ್ಸಿನ ಟೈರು ಒಡೆದು ನಾನೇ ಕೊನೆಯವನು.
ನನ್ನ ಹಿಂದೆಯೇ ಅಟೆಂಡರು ಚಿಲಕ ಹಾಕಿದ.
ಬಾಯಲ್ಲಿ ಕಹಿ ಅರ್ಧ ಕರಗಿತ್ತು,
ಕಿಟಕಿಯ ಸರಳಿನಾಚೆ ಖದೀರ.
ಮೂಗು ಸೋರುತ್ತಿತ್ತು, ಬಿಸಿಲಲ್ಲೂ ಸ್ವೆಟರು.
ಅಂಗೈ ಚಾಚಿದ. ಮಾತೇ ಬೇಕಿರಲಿಲ್ಲ:
ನಿನ್ನ ಬಾಯಿಂದ, ಇರುವಷ್ಟು.

ಒಂದು ಸಲ ಕೊಟ್ಟಿದ್ದೆ ಬೇರೆಯವನಿಗೆ, ಇನ್ನೂರು ರೂಪಾಯಿಗೆ.
ಸಿಸ್ಟರು ಕಂಡಿದ್ದರು. ಬೈಯಲಿಲ್ಲ, ಓಡಿಸಲಿಲ್ಲ.
ಮಾರನೆಯ ದಿನದಿಂದ ನನ್ನ ಜಾಗ ಅವರ ಮೇಜಿನೆದುರು.
ಎಡಗಡೆಯ ಮೂರನೆಯ ಸಾಲು ಅಂದಿನಿಂದ ಬಾಯಿಪಾಠ:
ನಿಮ್ಮ ಔಷಧಿ ನಿಮಗೆ ಮಾತ್ರ.

ಖದೀರನ ಅಂಗೈ ಅಲ್ಲೇ ಇತ್ತು.
ಬಾಯಿ ತೆರೆಯುವಂತಿಲ್ಲ, ಕೈ ಖಾಲಿ ಇತ್ತು.
ಮೊಳೆಗೆ ನೇತುಹಾಕಿದ ದೂರಿನ ಪುಸ್ತಕ,
ದಾರಕ್ಕೆ ಕಟ್ಟಿದ ಪೆನ್ನು. ಒಂದೂ ಪುಟ ಕೊಳೆಯಾಗಿರಲಿಲ್ಲ.
ಬರೆದೆ:
ಬಾಗಿಲು ಒಂದು ಗಂಟೆವರೆಗೆ ಅಂತ ಬೋರ್ಡಿನಲ್ಲಿದೆ.
ಈಗ ಹನ್ನೊಂದೂ ಐವತ್ತು. ಹೊರಗೆ ಒಬ್ಬ ನಿಂತಿದ್ದಾನೆ.
ಗಡಿಯಾರವೂ ಕೆಟ್ಟಿದೆ.
ಕೆಳಗೆ ನಂಬರು ಬರೆದರೆ ಸಾಕಿತ್ತು.
ಗಂಗುಲಪ್ಪ, ರೀಲರ್, ಅಂತ ಬರೆದೆ.
ನನ್ನ ಗುಟ್ಟು ನನ್ನದು, ಬಿಚ್ಚುವವನೂ ನಾನೇ.

ಸಿಸ್ಟರ ಮೇಜಿನ ಮೇಲೆ ಪುಸ್ತಕ ಇಟ್ಟೆ.
ಅವರು ಕನ್ನಡಕ ಏರಿಸಿ ಓದಿದರು, ಎರಡು ಸಲ.
ಅಟೆಂಡರನ ಕಡೆ ನೋಡಲಿಲ್ಲ.
ತಾವೇ ಎದ್ದು ಹೋಗಿ ಚಿಲಕ ತೆಗೆದರು.

ಖದೀರ ನಾಲಿಗೆ ಎತ್ತಿದ.
ನನ್ನ ಹತ್ತು ನಿಮಿಷ ಮುಗಿದಿತ್ತು, ಬಸ್ಸಿಗೆ ಹೊತ್ತಾಗಿತ್ತು.
ಅವನ ಹತ್ತು ನಿಮಿಷಕ್ಕೂ ಕೂತೆ.
ಇಬ್ಬರೂ ಮಾತಾಡಲಿಲ್ಲ.

ಸಂಜೆಯ ಬಸ್ಸಲ್ಲಿ ಅದೇ ಕಂಡಕ್ಟರು:
'ಏನಪ್ಪ, ಹಲ್ಲು ಕೀಳಿಸಿಬಿಟ್ಟೆಯಾ?'
ನಕ್ಕೆ, ಬಾಯಿ ಪೂರ್ತಿ ತೆರೆದು.
ಬೇಕಿದ್ದರೆ ಎಣಿಸಿಕೊಳ್ಳಲಿ.