ತೂತು ಪೊಟ್ಟಣ

ಮೇಹ್ರಾಬ್ ಚಾಚಾ ಬರುವುದು ಸಂಜೆಯ ನಮಾಜು ಮುಗಿದ ಮೇಲೆ,
ಹೆಗಲಿಗೆ ಗೋಧಿಚೀಲ, ಕೈಯಲ್ಲಿ ದರ್ಜಿಯ ಕತ್ತರಿ.
ಕ್ವೆಟ್ಟಾದ ಗಾಳಿ, ಒಣಗಿದ್ದನ್ನೆಲ್ಲ ಓಡಿಸುತ್ತದೆ:
ಚಹಾಪುಡಿಯ ಚೀಟಿ, ಮದುವೆಯ ಕರೆಯೋಲೆ,
ಪರೀಕ್ಷೆ ಮುಗಿಸಿದ ಮಕ್ಕಳು ಹರಿದೆಸೆದ ಹಾಳೆ.
ಅವನು ಮೋರಿಗೆ ಬಗ್ಗಿ ಒಂದೊಂದನ್ನೇ ಎತ್ತುತ್ತಾನೆ,
ಅಂಗಿಯ ಚುಂಗಿಗೆ ಒರೆಸಿ, ಕಣ್ಣಿಗೊತ್ತಿಕೊಂಡು
ಚೀಲದೊಳಗೆ ಮಲಗಿಸುತ್ತಾನೆ.
ದೇವರ ಹೆಸರು ಇದ್ದೀತು, ಕಾಲಿಗೆ ಸಿಗಬಾರದು.

ನಾನು ಪಕೋಡ ಕರಿಯುವವನು. ಅಕ್ಷರ ಕಲಿತವನಲ್ಲ.
ನನಗೆ ಅಚ್ಚು ಅಂದರೆ ಇರುವೆ ಸಾಲು,
ಪೇಪರು ಅಂದರೆ ಕಿಲೋ ಲೆಕ್ಕ.
ಅವನೋ ನನ್ನ ರದ್ದಿಯ ಕಟ್ಟು ಬಿಚ್ಚಿ
ಬೆಂಚಿನ ಮೇಲೆ ಚಕ್ಕಳಮಕ್ಕಳ ಕೂತು
ಹುಡುಕಿ ಹುಡುಕಿ ಹೆಸರು ಕತ್ತರಿಸಿ ತೆಗೆಯುತ್ತಾನೆ.
ಗಿರಾಕಿಗಳು ಬೈಯುತ್ತಾರೆ: ಪೊಟ್ಟಣದ ತುಂಬ ತೂತು,
ಎಣ್ಣೆ ಮೊಣಕೈವರೆಗೆ ಇಳಿಯುತ್ತದೆ.

"ಇಷ್ಟೊಂದು ಕಡೆ ದೇವರ ಸುದ್ದಿಯೇ?" ಎಂದೆ ಒಮ್ಮೆ.
"ದೇವರದ್ದಲ್ಲ, ಜನರದ್ದು.
ಇಲ್ಲಿ ನೋಡು, ಕೊಲೆ. ಸತ್ತವನು ಅಬ್ದುರ್ ರಹೀಮ್,
ಇರಿದವನು ಅಬ್ದುಲ್ ಕರೀಮ್.
ಇಬ್ಬರೊಳಗೂ ಅವನ ಹೆಸರಿದೆ. ಯಾವುದನ್ನು ಬಿಡಲಿ?"
ಎರಡು ಚೂರೂ ಒಂದೇ ಚೀಲಕ್ಕೆ ಬಿದ್ದವು.

ಆ ಜನವರಿ, ನಲ್ಲಿಯೇ ಹೆಪ್ಪುಗಟ್ಟಿದ ದಿನ,
ಪಾತ್ರೆ ತೊಳೆಯುವ ಹುಡುಗ ಚಟ್ನಿಯ ಕೊಳಗ ಜಾರಿಸಿಬಿಟ್ಟ.
ಪುದೀನದ ಹಸಿರೆಲ್ಲ ಹಿಮದ ಮೇಲೆ.
"ಏ ಕುದ್ದೂ, ಕತ್ತೆಮಗನೇ!"
ಕೈಯೆತ್ತಿದೆ. ಸುಳ್ಳು ಹೇಳಲಾರೆ, ಕಾಲನ್ನೂ.

ಚಾಚಾ ಕತ್ತರಿ ಕೆಳಗಿಟ್ಟ. ನನಗೇನೂ ಹೇಳಲಿಲ್ಲ.
ಹುಡುಗನನ್ನು ಕೇಳಿದ: "ಮಗೂ, ಪೂರ್ತಿ ಹೆಸರು?"
"ಅಬ್ದುಲ್ ಕುದ್ದೂಸ್."
ಮೋರಿಗೆ ಬಗ್ಗುವ ಹಾಗೆಯೇ ಬಗ್ಗಿದ,
ಎರಡೂ ಕೈ ಕೊಟ್ಟು ಎತ್ತಿದ, ಮಂಡಿಯ ಕೆಸರನ್ನು
ಅದೇ ಅಂಗಿಯ ಚುಂಗಿನಿಂದ ಒರೆಸಿದ,
ಚಳಿಗೆ ಬಿರಿದ ಆ ಅಂಗೈಯನ್ನು ಕಣ್ಣಿಗೊತ್ತಿಕೊಂಡ.
ಚೀಲಕ್ಕೆ ಮಾತ್ರ ಹಾಕಲಿಲ್ಲ.
ನನ್ನ ಮುಂದೆ ನಿಲ್ಲಿಸಿ ಹೋದ.

ಈಗ ನಾನು ಪೂರ್ತಿ ಹೆಸರು ಹಿಡಿದು ಕರೆಯುತ್ತೇನೆ.
ಉದ್ದದ ಹೆಸರು ನೋಡಿ; ಅಬ್ದುಲ್ ಎಂದು ಹೊರಟು
ಕುದ್ದೂಸ್ ಮುಟ್ಟುವಷ್ಟರಲ್ಲಿ
ಸಿಟ್ಟು ಯಾತಕ್ಕೆ ಬಂದಿತ್ತೋ ಅರ್ಧ ಮರೆತಿರುತ್ತದೆ.
ಪೂರ್ತಿ ಅಲ್ಲ. ಅರ್ಧ.
ಗಿರಾಕಿ ಮುಗಿಬಿದ್ದ ಸಂಜೆ ನಾಲಿಗೆ ಮತ್ತೆ ಕುದ್ದೂ ಅನ್ನುತ್ತದೆ,
ಆಗ ಬೆಂಚಿನ ಕಡೆಯಿಂದ ಕತ್ತರಿಯ ಸದ್ದು ನಿಲ್ಲುತ್ತದೆ,
ಬಾಣಲೆಯ ಎಣ್ಣೆಯೊಂದೇ ಚುರುಗುಟ್ಟುತ್ತಿರುತ್ತದೆ.