ಒರೆ ಮೊದಲು

ಕತ್ತಿ ಇನ್ನೂ ಹುಟ್ಟಿಲ್ಲ.
ಗಂಗಾವತಿಯ ಗುಜರಿ ಸಾಲಿನಲ್ಲಿ
ಮೌನೇಶಪ್ಪನ ಕುಲುಮೆ ಮುಂದೆ
ಭಾನುವಾರಕ್ಕೊಮ್ಮೆ ನಾವು ಐದು ಮಂದಿ
ಅದರ ಮೂಗು, ಬೆನ್ನು, ಬಾಯಿ ಮಾತಾಡುತ್ತ
ಚಹಾ ಆರಿಸುತ್ತೇವೆ.

ಮಡಚುವಂಥದ್ದು ಬೇಡ, ಇದು ಮೊದಲೇ ತೀರ್ಮಾನ.
ಮಡಚುವ ಚಾಕು ಜೇಬಿನದು, ಸಂಕೋಚದ್ದು;
ಕೀಲು ಸಡಿಲಾದ ದಿನ ಯಾರ ಮಾತೂ ಕೇಳದು.
ನಮ್ಮದು ತುದಿಯಿಂದ ಹಿಡಿಕೆಯ ಬುಡದವರೆಗೆ
ಒಂದೇ ಉಕ್ಕು,
ನಡುವೆ ಎಲ್ಲೂ ಸುಳ್ಳಿಲ್ಲ.

"ಬೇರಿಂಗಿನ ಉಕ್ಕು ತರಸ್ರಿ" ಎಂದ ಲೇತಿನ ಯಂಕೋಬ.
ಐದು ಎರಡು ಒಂದು ಸೊನ್ನೆ ಸೊನ್ನೆ:
ಅತ್ತೆಮನೆ ಫೋನ್ ನಂಬರಿನಂತೆ
ಬಾಯಿಪಾಠ ಅವನಿಗೆ.
"ತುಕ್ಕು?" ಅಂದ ಖಾಜಾಹುಸೇನ,
ಹರಿಗೋಲಿನ ಮನುಷ್ಯ, ನೀರೇ ಅವನ ಚಿಂತೆ.
"ಸ್ಟೀಲಿಂದು ಮಾಡ್ರಿ. ಮೀನ ಕೊಯ್ದು ಮರತಬಿಟ್ರೂ
ಮುಂಜಾನಿ ನಗತಿರಬೇಕು."
"ನಗೋದಕ್ಕ ತಾಟು ತಗೋ!" ಯಂಕೋಬ ಉರಿದ.
"ಒರಸಿ ಎಣ್ಣಿ ಹಚ್ಚಾಕ ಪುರಸೊತ್ತಿಲ್ದವ
ಕತ್ತಿ ಯಾಕ ಇಟಕೋಬೇಕು?"

ಮೌನೇಶಪ್ಪ ಹೆಸರಿಗೆ ತಕ್ಕವನು.
ಮೂಲೆಯಿಂದ ಲಾರಿಯ ಕಮಾನ್ ಪಾಟಾ ಎಳೆದು
ಸುತ್ತಿಗೆಯಲ್ಲಿ ಒಂದೇ ಏಟು ಕೊಟ್ಟ.
ಠಣ್ ಅಂದದ್ದು
ಎದುರಿನ ಪಂಚರ್ ಅಂಗಡಿ ದಾಟಿ ಹೋಗಿ
ತಡವಾಗಿ ತಿರುಗಿ ಬಂತು.
"ಸಂಡೂರಿನ ಅದಿರು ಹೊತ್ತ ಗಾಡಿದು.
ಹದಿನಾಕು ವರ್ಸ ಬಾಗೇತಿ, ಮುರದಿಲ್ಲ."
ಅಷ್ಟೇ. ಬೇರಿಂಗೂ ಸ್ಟೀಲೂ ಸುಮ್ಮನಾದವು.
ಗುಡ್ಡದ ಮಣ್ಣು ಕಾದು ಉಕ್ಕಾಗಿ,
ಯಾವ ಊರಿಗೋ ಹೋಗಿ ಪಾಟಾ ಆಗಿ,
ಮತ್ತೆ ಅದೇ ಗುಡ್ಡವನ್ನು ಹೊತ್ತು ಇಳಿದದ್ದನ್ನು
ನಾನು ಯೋಚಿಸಿದೆನೋ, ಇಲ್ಲಾ
ಬಿಸಿಲಿಗೆ ಬರೀ ತಲೆ ಸುತ್ತಿತೋ.

ಹಿಡಿಕೆಯ ಜಗಳ ಮೂರು ಭಾನುವಾರ ತಿಂದಿತು.
ಎಮ್ಮೆಯ ಕೋಡು ಅಂದರು, ಹುಣಸೆಯ ಚೇಗು ಅಂದರು.
ಗಾದಿಲಿಂಗನೊಬ್ಬ ಮನೆಯಿಂದ
ಅಜ್ಜನ ಬಂಡಿಯ ಮುರುಕು ನೊಗ ಹೊತ್ತು ತಂದ:
"ಸವದ ಕಟಗಿಗೆ ಮೈ ಗೊತ್ತಿರತೈತಿ."
"ನಿನ್ನ ಮೈಯಲ್ಲೋ, ಎತ್ತಿಂದು!"
ಮೊಳೆಗಳು ಹಿತ್ತಾಳೆಯವು ಎಂಬುದೊಂದೇ
ಐದು ತಲೆ ಒಪ್ಪಿದ ಮಾತು.

ಆಮೇಲೆ ಹೋದ ವರ್ಷದ ಕ್ಯಾಲೆಂಡರಿನ ಬೆನ್ನಿಗೆ
ಒಬ್ಬೊಬ್ಬರ ಕೈ ಇಡಿಸಿ ಗೆರೆ ಎಳೆದ.
ನನ್ನ ಸರದಿಗೆ ನನ್ನ ಕೈ ಕಿಸೆಯಲ್ಲಿತ್ತು.
ಅಕ್ಕಿ ಗಿರಣಿಯ ಬೆಲ್ಟು
ತೋರುಬೆರಳು ತಿಂದು ಏಳು ವರ್ಷ.
ಮೌನೇಶಪ್ಪ ಕಾದ.
ಇಟ್ಟೆ.
ಪೆನ್ಸಿಲ್ಲು ಹೆಬ್ಬೆರಳು ಹತ್ತಿ, ಇಳಿದು,
ಇಲ್ಲದ ಬೆರಳಿನ ಹತ್ತಿರ ನಿಧಾನ ಮಾಡಿತು,
ಮೋರಿ ದಾಟುವ ಸೈಕಲ್ಲಿನ ಹಾಗೆ.
"ಇಲ್ಲೊಂಚೂರು ಉಬ್ಬು ಬಿಡ್ತೀನಿ" ಅಂದ,
"ನಡುಬೆರಳು ಆತುಗೊಳ್ಳಲಿ."
ಏಳು ವರ್ಷದಲ್ಲಿ ಆ ಜಾಗವನ್ನು
ಅಳತೆ ಎಂದು ನೋಡಿದವ ಇವನೊಬ್ಬ.

ಐನೂರು ಅಡ್ವಾನ್ಸು.
ಯಾವಾಗ ಅಂದರೆ
"ಎಣ್ಣಿ ಕುಡಿಯೋ ಹೊತ್ತಿಗೆ ಅದು ಸೊಟ್ಟಾಗಬಾರದಲ್ರೀ,
ಅದರ ಮನಸು ಬರಲಿ" ಎನ್ನುತ್ತ
ಅಡಿಕೆ ಹೋಳು ಮಾಡಿದ:
ಅವನ ಕೈಯಲ್ಲಿದ್ದದ್ದು
ಸೈಕಲ್ ಟ್ಯೂಬು ಸುತ್ತಿದ ಮುರುಕು ಗರಗಸದ ಅಲಗು.
ನಾವು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಐದನೆಯವನು ದುರುಗೇಶ, ಚರ್ಮದ ಕೆಲಸದವನು.
ಜಗಳಕ್ಕೆ ಇಳಿಯದೆ, ಗೆರೆಗಳನ್ನಷ್ಟೇ ನೋಡಿ
ಐದು ಒರೆ ಹೊಲಿದೇ ಬಿಟ್ಟಿದ್ದಾನೆ.
ಜೋಡಿ ಹೊಲಿಗೆ, ಮೇಣದ ದಾರ,
ಅಂಚಿಗೆ ಹುಣಸೆಬೀಜದಿಂದ ಉಜ್ಜಿದ ಹೊಳಪು.
ಸೊಂಟಕ್ಕೆ ಸಿಗಿಸಿಕೊಂಡು ಮನೆಗೆ ಹೋದರೆ
"ಕೂಸು ಹುಟ್ಟೂಕ ಮುಂಚೆ ಕುಲಾವಿ"
ಎಂದು ನಕ್ಕಳು ಹುಲಿಗೆಮ್ಮ.

ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿದ್ದೇನೆ.
ರಾತ್ರಿ ಒಮ್ಮೊಮ್ಮೆ ಎರಡು ಬೆರಳು ಇಳಿಸಿದರೆ
ಒಳಗೆ ಬೆಚ್ಚಗೆ, ಒಂದು ಖಾಲಿ ಆಕಾರ.
ಹೋದ ವಾರದಿಂದ ಹುಲಿಗೆಮ್ಮ ಅದರಲ್ಲಿ
ಕರೆಂಟು ಬಿಲ್ಲು ಸಿಗಿಸುತ್ತಿದ್ದಾಳೆ.
ಕತ್ತಿ ಬಂದ ದಿನ
ಬಿಲ್ಲಿಗೆ ಬೇರೆ ಜಾಗ ನೋಡಬೇಕು.