ನಡುವಿನ ಮನೆ

ಟಾಲಿವರ್ ಕೌಂಟಿ ಕಚೇರಿಯ ನೆಲಮಾಳಿಗೆಯಲ್ಲಿ
ಮೂರು ದಶಕದ ರಟ್ಟಿನ ಪೆಟ್ಟಿಗೆಗಳು, ಒಂದು ಹೀಟರು, ನಾನು.
ಲಿಂಕನ್ನಿನಿಂದ ಪತ್ರ ಬಂದಿದೆ:
ಎಂಬತ್ತೊಂಬತ್ತರಿಂದ ಇಲ್ಲಿಯತನಕ
ಮನೆವಾರು ಆದಾಯದ ಮಧ್ಯಾಂಕ ಬೇಕು, ವರ್ಷ ವರ್ಷದ್ದೂ,
ಶುಕ್ರವಾರದೊಳಗೆ.

ಸರಾಸರಿ ಕೇಳಲಿಲ್ಲ, ಪುಣ್ಯ.
ಕೇಳಿದ್ದರೆ ಹೊಳೆಯಾಚೆಯ ರಾಂಚಿನ ಲಡ್‌ವಿಗ್ ಸ್ಟ್ರನಾಡ್
ಒಬ್ಬನೇ ಎದ್ದು ನಿಂತು
ಇಡೀ ಕೌಂಟಿಗೆ ರೇಷ್ಮೆ ಅಂಗಿ ತೊಡಿಸಿಬಿಡುತ್ತಿದ್ದ,
ಒಳಗೆ ಬನಿಯನ್ನಿಲ್ಲದವರಿಗೂ.

ಮಧ್ಯಾಂಕ ಹಾಗಲ್ಲ. ಅದು ಶಾಲೆಮಕ್ಕಳ ಸಾಲು.
ಗಿಡ್ಡರಿಂದ ಉದ್ದದವರವರೆಗೆ ಎಲ್ಲ ಮನೆಗಳನ್ನೂ
ಹೆದ್ದಾರಿ ಬದಿಗೆ ನಿಲ್ಲಿಸು,
ಎರಡೂ ತುದಿಯಿಂದ ಒಂದೊಂದೇ ಬೆರಳು ಮಡಿಚುತ್ತ ಬಾ,
ಕೊನೆಗೆ ಉಳಿದವರ ಬಾಗಿಲು ತಟ್ಟು.

ಆದರೆ ಎಲ್ಲರೂ ಸಾಲಿಗೆ ಬಂದದ್ದು ಯಾವಾಗ?
ಒಂಬೈನೂರು ಮನೆಗಳಲ್ಲಿ ಉತ್ತರ ಬರೆದವರು ಅರವತ್ತೊಂದು.
ಅದಕ್ಕೇ ಕೆಳಗೊಂದು ಸಾಲು ಸೇರಿಸುತ್ತೇವೆ:
ಮೂವತ್ತೆಂಟು ಸಾವಿರ, ಆರು ಸಾವಿರ ಆಚೀಚೆ.
ಆ 'ಆಚೀಚೆ'ಯೊಳಗೆ
ಒಂದು ಸಂಸಾರದ ಚಳಿಗಾಲವಿಡೀ ಹಿಡಿಸುತ್ತದೆ,
ಗ್ಯಾಸಿನ ಸಿಲಿಂಡರ್ ಸಮೇತ.

ಓಪಲ್ ನೀಡರ್‌ಮಾಯರ್ ಫೋನಿನಲ್ಲಿ ಕೇಳಿದ್ದಳು:
ನನ್ನ ತಮ್ಮ ವರ್ಷಕ್ಕೆ ಅರ್ಧ ಹೋರಿಯ ಮಾಂಸ ಕೊಡುತ್ತಾನೆ, ಅದು ಆದಾಯವೇ?
ಅಲ್ಲ ಎಂದೆ.
ಮೊಟ್ಟೆ ಕೊಟ್ಟು ಕೂದಲು ಕತ್ತರಿಸಿಕೊಳ್ಳುವುದು?
ಅದೂ ಅಲ್ಲ.
'ಹಾಗಾದರೆ ನಿನ್ನ ಲೆಕ್ಕದಲ್ಲಿ ನಾನು ಬದುಕೇ ಇಲ್ಲ ಬಿಡು' ಎಂದು
ನಕ್ಕು ಫೋನಿಟ್ಟಳು.

ಹಳೆಯ ಡಾಲರುಗಳನ್ನು ಇಂದಿನ ಅಳತೆಗೆ ಹಿಗ್ಗಿಸಬೇಕು.
ಹಿಗ್ಗಿಸುತ್ತೇನೆ. ಎಂಬತ್ತೊಂಬತ್ತರ ಒಂದು, ಈಗ ಎರಡೂವರೆ.
ಅಂಗಡಿಯ ಹೆಸರು, ತಕ್ಕಡಿ, ಉದ್ದರಿಯ ಚೀಟಿ
ಯಾವುದೂ ಹಿಗ್ಗುವುದಿಲ್ಲ.

ಎರಡು ಸಾವಿರದ ಆರರಲ್ಲಿ ನನ್ನ ಡೆನಿಸ್ ಹೋದ.
ಎರಡು ಸಂಬಳದ ಮನೆ ಒಂದು ಸಂಬಳದ್ದಾಯಿತು.
ಸಾಲಿನಲ್ಲಿ ನಾನು ಎಷ್ಟು ಜಾಗ ಹಿಂದೆ ಸರಿದೆನೋ,
ಅಂಕೆ ಕದಲಲಿಲ್ಲ.
ಬಹುಶಃ ಅದೇ ವಾರ ಬೇರಾರೋ ಮದುವೆಯಾದರು.

ಆಮೇಲೆ ಹನ್ನೊಂದನೆಯ ಇಸವಿ. ಗೆರೆ ಥಟ್ಟನೆ ಮೇಲಕ್ಕೆ,
ನಾಲ್ಕು ಸಾವಿರ ಒಂದೇ ನೆಗೆತಕ್ಕೆ.
ಊರ ಪತ್ರಿಕೆ ಮುಖಪುಟದಲ್ಲೇ ಬರೆಯಿತು: ಟಾಲಿವರ್ ಏರುತ್ತಿದೆ.
ಕಮಿಷನರು ಕೇಕು ತರಿಸಿದರು. ನಾನೂ ತಿಂದೆ.

ಈಗ ಆ ವರ್ಷದ ಪೆಟ್ಟಿಗೆ ಬಿಚ್ಚಿ ನೋಡಿದರೆ
ಯಾರ ಸಂಬಳವೂ ಹೆಚ್ಚಿಲ್ಲ.
ಹಂದಿಮಾಂಸದ ಕಾರ್ಖಾನೆ ಫೆಬ್ರವರಿಯಲ್ಲಿ ಮುಚ್ಚಿತು,
ರೈಲು ಹಳಿಯ ಪಕ್ಕದ ಇಪ್ಪತ್ತಾರು ಟ್ರೇಲರುಗಳು
ಏಪ್ರಿಲ್ಲಿಗೆ ಕಾನ್ಸಾಸಿನತ್ತ ಉರುಳಿದವು.
ಗಿಡ್ಡರು ಎದ್ದು ಹೋದರು, ನಡು ತಾನಾಗಿ ಸರಿಯಿತು.
ಅಷ್ಟೇ ಏಳಿಗೆ.

ಹಿಂದಿನ ವರ್ಷದ ಫಾರಂ ಒಂದು ಸಿಕ್ಕಿತು, ಎವುಲಾಲಿಯಾ ಶಿಲೋ,
ಗ್ವಾಟೆಮಾಲದವಳು, ಪೆನ್ಸಿಲಿನಲ್ಲಿ ಒತ್ತಿ ಬರೆದ ಅಂಕೆಗಳು,
ಸೆಂಟನ್ನೂ ಬಿಟ್ಟಿಲ್ಲ.
ಮನೆಯಲ್ಲಿ ಎಷ್ಟು ಜನ ಎಂಬಲ್ಲಿ ಏಳು ಬರೆದು, ಅಳಿಸಿ, ಎಂಟು ಮಾಡಿದ್ದಾಳೆ.

ಅಡಿಟಿಪ್ಪಣಿ ಬರೆದೆ, ಎರಡು ವಾಕ್ಯ.
ಮೇಲಿನವರು ಅಳಿಸುತ್ತಾರೆ, ಕೋಷ್ಟಕದಲ್ಲಿ ಜಾಗವಿಲ್ಲ ಎನ್ನುತ್ತಾರೆ,
ಕಳಿಸಿದೆ.

ಮನೆಗೆ ಹೋಗುವ ದಾರಿ ಬಿಟ್ಟು ಹಳಿಯ ಕಡೆಗೆ ಕಾರು ತಿರುಗಿಸಿದೆ.
ಕರೆಂಟಿನ ಮೀಟರು ಕಂಬಗಳು ಇನ್ನೂ ಸಾಲಾಗಿ ನಿಂತಿವೆ,
ಒಂದೊಂದೂ ತನ್ನ ಕೊನೆಯ ಅಂಕೆ ಹಿಡಿದುಕೊಂಡು.
ಕೈಗವಸು ಬಿಚ್ಚಿದೆ,
ಎರಡೂ ತುದಿಯಿಂದ ಬೆರಳು ಮಡಿಚುತ್ತ ಬಂದೆ.
ಇಪ್ಪತ್ತಾರು ಸಮಸಂಖ್ಯೆ:
ಹದಿಮೂರನೆಯದಕ್ಕೂ ಹದಿನಾಲ್ಕನೆಯದಕ್ಕೂ ಮಧ್ಯೆ ಬೀಳುತ್ತದೆ ನಡು.
ಅಲ್ಲಿ ಮನೆಯಿರಲಿಲ್ಲ ಯಾವತ್ತೂ,
ಬಟ್ಟೆ ಒಣಹಾಕುವ ತಂತಿಯೊಂದು
ಇದ್ದಿರಬೇಕು.